ವನಗೂರಿನ ಗಂಡಿನ ಚಡಾವು

ಹೋದ ತಿಂಗಳು ಹಾಸನದ ಒಂದು ಅಂಗಡಿಯಲ್ಲಿ ತಮ್ಮನ ಮಗನ ಮದುವೆಗೆ ಮೋಜಡಿ ಆರಿಸುತ್ತಿದ್ದೆವು. ಶೇರ್ವಾನಿಗೆ ಬೂಟು ಹಾಕಿದರೆ ಬ್ಯಾಂಡಿನವನ ಹಾಗೆ ಕಾಣುತ್ತೇನೆ, ಮೋಜಡಿಯೇ ಆಗಬೇಕು ಎಂದು ಹುಡುಗನ ಹಟ. ಅಂಗಡಿಯವನು ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಜೊತೆಯನ್ನು ಬಿಚ್ಚಿ ಮುಂದಿಟ್ಟ. ಗಪ್ಪೆಂದು ಮೂಗಿಗೆ ವಾಸನೆ ಹೊಡೆಯಿತು. ಹದ ಮಾಡಿದ ಚರ್ಮದ್ದು, ಅದರೊಳಗೆಲ್ಲೋ ತೊಗಟೆಯ ಒಗರು, ಮೇಲೆ ಹರಳೆಣ್ಣೆಯ ಜಿಡ್ಡು. ನನಗೇ ಗೊತ್ತಿಲ್ಲದೆ ಕೈ ಮುಂದೆ ಹೋಗಿ ಒಂದನ್ನು ಎತ್ತಿ, ಮಗುಚಿ, ಅಟ್ಟೆಯ ಅಂಚಿಗೆ ಹೆಬ್ಬೆರಳಿನ ಉಗುರು ಒತ್ತಿತು. ಪ್ಯೂರ್ ಲೆದರ್ ಮೇಡಂ ಎಂದ ಅಂಗಡಿಯವನು. ಕೇಳದೇ ಹಾಗೆ ಹೇಳುವವರನ್ನು ನಂಬಬಾರದೆಂಬುದು ನನಗೆ ಒಂಬತ್ತನೇ ವಯಸ್ಸಿಗೇ ತಿಳಿದಿತ್ತು. ಕಲಿಸಿದವರು ನಮ್ಮ ಅಜ್ಜಯ್ಯ. ಹುಡುಗ ನನ್ನ ಕೈಯಿಂದ ಮೋಜಡಿ ಕಿತ್ತುಕೊಂಡು, ಮಾನ ಕಳೀಬೇಡಿ ಎಂದು ಕಣ್ಣಲ್ಲೇ ಬೇಡಿಕೊಂಡ. ನಾನು ಸುಮ್ಮನಾದೆ. ಮೂಗು ಮಾತ್ರ ಸುಮ್ಮನಾಗಲಿಲ್ಲ, ಅದು ನನ್ನನ್ನು ಆನೇಮಹಲಿನ ಮನೆಯ ಜಗಲಿಗೆ ಎಳೆದುಕೊಂಡು ಹೋಯಿತು.

ಆನೇಮಹಲಿನಲ್ಲಿ ಹೆದ್ದಾರಿಗೆ ಮುಖ ಮಾಡಿ ನಮ್ಮ ಮನೆಯಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದಲ್ಲಿ ಎರಡು ಮೆಟ್ಟಿಲಿನ ಜಗಲಿ. ಅಂಗಡಿಯಲ್ಲಿ ಸುತ್ತಿನ ಎಸ್ಟೇಟುಗಳಿಗೆ ಬೇಕಾದ ಗೋಣಿಚೀಲ, ಹಗ್ಗ, ಟಾರ್ಪಾಲು, ಬುಟ್ಟಿ, ಕತ್ತಿ. ಘಾಟಿಯ ಕಡೆ ಹೋಗುವ ಲಾರಿಗಳ ಅದುರಾಟಕ್ಕೆ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹೊಸ ಗೋಣಿಯ ಘಾಟು ವಾಸನೆ ನಮ್ಮ ಬಟ್ಟೆಗೆ, ತಲೆಗೂದಲಿಗೆ, ಕೊನೆಗೆ ಅಜ್ಜಿ ಮಾಡಿದ ಸಾರಿಗೂ ಅಂಟಿರುತ್ತಿತ್ತು. ಅಜ್ಜಯ್ಯ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡು ಅಂಗಡಿಯಲ್ಲಿ ಕೂತರೆಂದರೆ ಆ ದಿನದ ಅನುಮಾನಗಳು ಶುರುವಾದವೆಂದೇ ಅರ್ಥ. ಹಾಲಿನವಳು ಅಳೆದು ಕೊಟ್ಟ ಹಾಲಿನ ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ಗೋಡೆಯ ಗಡಿಯಾರವನ್ನು ರೇಡಿಯೋಗೆ ತಾಳೆ ಹಾಕಿ, ಆಮೇಲೆ ರೇಡಿಯೋದವನ ಮೇಲೂ ಅನುಮಾನ ಬಂದು, ಬಸ್ಸು ಬರಲೆಂದು ಕಾಯುತ್ತಿದ್ದರು. ಹೊಗಳಿದವರ ಮೇಲೆ ಅವರಿಗೆ ಅನುಮಾನ, ಸುಮ್ಮನಿದ್ದವರ ಮೇಲೆ ಇನ್ನೂ ಹೆಚ್ಚು. ಇವರು ಕನ್ನಡಿ ನೋಡಿಕೊಂಡರೂ ಯಾರಿವನು ಅಂತ ಕೇಳೋ ಪೈಕಿ ಎಂದು ಅಜ್ಜಿ ಮೂಗು ಮುರಿಯುತ್ತಿದ್ದರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು. ಇಂಥವರು ಇದ್ದಾಗ ಗೋಳು, ಹೋದ ಮೇಲೆ ಮನೆಗೆ ಬಾಗಿಲೇ ಇಲ್ಲವಾದಂತೆ ಅನ್ನಿಸುತ್ತದೆ.

ಆದರೆ ಅಜ್ಜಯ್ಯನ ಅನುಮಾನಕ್ಕೆ ನಿಜವಾದ ಕಳೆ ಬರುತ್ತಿದ್ದುದು ಮೆಟ್ಟಿನ ವಿಷಯದಲ್ಲಿ. ಅವರು ಹಾಕುತ್ತಿದ್ದುದು ಚಡಾವು. ಈಗಿನವರು ಮೋಜಡಿ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಮುಂಗಾಲು ಮುಚ್ಚುವ, ಮೂತಿ ಸ್ವಲ್ಪ ಮೇಲಕ್ಕೆದ್ದ, ಮಣಿ ಜರಿ ಏನೂ ಇಲ್ಲದ ದಪ್ಪ ಚರ್ಮದ ಜೋಡು. ಅದನ್ನು ಹೊಲಿದುಕೊಡುತ್ತಿದ್ದವರು ಸಕಲೇಶಪುರದ ಸಂತೆಯಲ್ಲಿ ಕೂರುತ್ತಿದ್ದ ಹೂವಯ್ಯ. ಅಲ್ಲಿಗೆ ಅಜ್ಜಯ್ಯ ಹೋಗುತ್ತಿದ್ದುದು ಸಂಜೆಯೇ. ಬೆಳಿಗ್ಗೆ ಕಾಲು ಸುಳ್ಳು ಹೇಳುತ್ತದೆ, ದಿನವೆಲ್ಲ ಓಡಾಡಿ ಊದಿಕೊಂಡ ಮೇಲೆ ನಿಜ ಹೇಳುತ್ತದೆ ಎಂದು ಅವರ ಲೆಕ್ಕಾಚಾರ, ಸ್ವಂತ ಕಾಲಿನ ಮೇಲೂ ನಂಬಿಕೆಯಿರಲಿಲ್ಲ. ಮೊದಲು ಚಡಾವನ್ನು ಮೂಸುವುದು. ಆಮೇಲೆ ಎರಡು ಕೈಯಲ್ಲಿ ಹಿಡಿದು ಬಾಗಿಸಿ, ಕಿವಿಯ ಹತ್ತಿರ ತಂದು ಅಟ್ಟೆ ಕಿರುಗುಟ್ಟುವುದನ್ನು ಕೇಳುವುದು. ಕೊನೆಗೆ ಅಂಚಿಗೆ ಉಗುರು ಒತ್ತುವುದು. ಕೆಲವರು ಎರಡು ಪದರ ಚರ್ಮದ ನಡುವೆ ರಟ್ಟು ಇಟ್ಟು ಹೊಲಿಯುತ್ತಿದ್ದರು. ಒಂದು ಮಳೆಗೆ ಅದು ನೆನೆದು ಮುದ್ದೆಯಾಗುತ್ತಿತ್ತು. ಇಪ್ಪತ್ತು ವರ್ಷದಿಂದ ಹೊಲಿಸಿಕೊಳ್ಳುತ್ತಿದ್ದರೂ ಪ್ರತಿ ಸಲವೂ ಅಜ್ಜಯ್ಯ ಉಗುರು ಒತ್ತುತ್ತಿದ್ದರು, ಪ್ರತಿ ಸಲವೂ ಹೂವಯ್ಯ ಆಕಾಶ ನೋಡುತ್ತ ಕಾಯುತ್ತಿದ್ದರು. ಒಮ್ಮೆ ನಾನು ಹೊಸ ಜೊತೆಯಲ್ಲಿ ಎಡ ಯಾವುದು ಬಲ ಯಾವುದು ಎಂದು ಕೇಳಿದೆ. ಹೂವಯ್ಯ ನಕ್ಕರು.

"ಇದಕ್ಕೆ ಎಡ ಬಲ ಇಲ್ಲ ಕಣವ್ವ, ಎಲ್ಡೂ ಒಂದೇ. ಹಾಕ್ಕಂಡು ಮೂರು ತಿಂಗ್ಳು ನಡದ್ರೆ ಕಾಲೇ ಕಲಿಸ್ತದೆ. ಆಮ್ಯಾಕೆ ಆ ಮನ್ಸನ್ನ ಬುಟ್ಟು ಬ್ಯಾರೆಯವರ ಕಾಲಿಗೆ ಅದು ಒಗ್ಗಲ್ಲ."

ಮನೆಗೆ ತಂದ ಚಡಾವಿಗೆ ಮೂರು ದಿನ ಹರಳೆಣ್ಣೆ ಕುಡಿಸಿ, ನಾಲ್ಕನೇ ದಿನ ಅಜ್ಜಯ್ಯ ಜಗಲಿಯ ಮುಂದೆ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಜೀರ್ ಜೀರ್ ಎಂಬ ಆ ಸದ್ದು ಕೇಳಿದರೆ ಅಂಗಡಿಯಲ್ಲಿ ಹರಟುತ್ತ ಕೂತ, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳೂ ನೆಟ್ಟಗೆ ಕೂರುತ್ತಿದ್ದರು. ನಮ್ಮದು ಶೈವರ ಮನೆ, ಚರ್ಮ ಹೊಸಿಲು ದಾಟುವಂತಿಲ್ಲ. ಹಾಗಾಗಿ ಚಡಾವಿನ ಜಾಗ ಜಗಲಿಯ ಮೇಲೆ, ಯಾರೂ ಮೆಟ್ಟಿಕೊಂಡು ಹೋಗದ ಹಾಗೆ ಅಜ್ಜಯ್ಯ ಕೂತಲ್ಲಿಂದ ಕಣ್ಣಿಗೆ ಬೀಳುವ ಮೂಲೆಯಲ್ಲಿ. ಮದುವೆಮನೆಗೆ ಹೋದರಂತೂ ಒಂದು ಚಡಾವನ್ನು ಚಪ್ಪರದ ಈ ತುದಿಯಲ್ಲಿ, ಇನ್ನೊಂದನ್ನು ಆ ತುದಿಯಲ್ಲಿ ಬಿಡುತ್ತಿದ್ದರು. ಒಂಟಿ ಮೆಟ್ಟನ್ನು ಯಾವ ಕಳ್ಳನೂ ಮುಟ್ಟುವುದಿಲ್ಲವಂತೆ. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಒಂದು ಕಾಲಲ್ಲಿ ಚಡಾವು, ಇನ್ನೊಂದು ಬರಿಗಾಲು, ಹಾಗೇ ಇಡೀ ಚಪ್ಪರ ದಾಟುವ ಅವರ ಹಿಂದೆ ನಾನು ನಾಚಿಕೆಯಿಂದ ಸಾಯುತ್ತ ನಡೆಯುತ್ತಿದ್ದೆ. ಈಗ ಅವರೊಮ್ಮೆ ಹಾಗೆ ನಡೆದು ಬಂದರೆ ಸಾಕು, ಕೈ ಹಿಡಿದುಕೊಂಡು ಚಪ್ಪರವನ್ನು ಎರಡು ಸುತ್ತು ಬೇಕಾದರೂ ಹಾಕೇನು.

ಮೆಟ್ಟು ನೋಡಿ ಮನುಷ್ಯನನ್ನು ಹೇಳುವುದು ಅವರ ದೊಡ್ಡ ಹೆಮ್ಮೆ. ಒಳಗೆ ಬಂದು ಕೂತವರ ಮುಖವನ್ನು ಅವರು ಅಷ್ಟಾಗಿ ನೋಡುತ್ತಿರಲಿಲ್ಲ. ಯಾವುದೋ ನೆಪ ಮಾಡಿ ಜಗಲಿಗೆ ಹೋಗಿ, ಕೈಯಲ್ಲಿ ಮುಟ್ಟದೆ, ಕೋಲಿನ ತುದಿಯಿಂದ ಅವರ ಚಪ್ಪಲಿ ಮಗುಚಿ ನೋಡಿ ಬರುತ್ತಿದ್ದರು. ಹಿಮ್ಮಡಿ ಸವೆದಿದ್ದರೆ ಸೋಮಾರಿ, ಮುಂಗಾಲು ಸವೆದಿದ್ದರೆ ಅವಸರದವನು, ಹೊಸದಕ್ಕೆ ಹಳೇ ಅಟ್ಟೆ ಹಾಕಿಸಿದ್ದರೆ ಮೇಲೆ ತಳುಕು ಒಳಗೆ ಹುಳುಕು. ಎಷ್ಟೋ ಸಲ ಅವರು ಹೇಳಿದ್ದು ನಿಜವೂ ಆಗುತ್ತಿತ್ತು. ಸುಳ್ಳಾದದ್ದು ಎಷ್ಟು ಎಂದು ಮಾತ್ರ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಆ ಮನೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಗಿರಿಜತ್ತೆ, ಅಪ್ಪನ ತಂಗಿ. ಆಗ ಅವರಿಗೆ ಇಪ್ಪತ್ತೆರಡಿರಬಹುದು. ನನ್ನ ತಲೆ ಬಾಚುವುದು, ಲೆಕ್ಕ ಹೇಳಿಕೊಡುವುದು, ರಾತ್ರಿ ತಮ್ಮ ಹಾಸಿಗೆಯಲ್ಲಿ ಮಗ್ಗುಲಿಗೆ ಮಲಗಿಸಿಕೊಳ್ಳುವುದು ಎಲ್ಲ ಅವರೇ. ಬಣ್ಣ ಕಪ್ಪು. ಎಣ್ಣೆಗಪ್ಪು ಎಂದು ಅಜ್ಜಿ ಪ್ರೀತಿಯಿಂದಲೇ ಹೇಳುತ್ತಿದ್ದರು. ಅದು ಅತ್ತೆಗೆ ಚುಚ್ಚುತ್ತಿತ್ತೋ ಏನೋ ಯಾರೂ ಕೇಳಿರಲಿಲ್ಲ. ಕನ್ನಡಿಯ ಮುಂದೆ ನಿಂತು ಕನಕಾಂಬರ ಮುಡಿದು, ಹೇಗೆ ಕಾಣ್ತೀನಿ ಹೇಳೇ ಎಂದು ನನ್ನನ್ನು ಪೀಡಿಸುವಷ್ಟು ಖುಷಿಯ ಜೀವ ಅದು.

ಅತ್ತೆಯನ್ನು ನೋಡಲು ವನಗೂರಿನಿಂದ ಗಂಡು ಬರುತ್ತದೆಂದು ಗೊತ್ತಾದಾಗ ಮನೆಯಲ್ಲಿ ಸಂಭ್ರಮ, ಅಜ್ಜಯ್ಯನ ಮುಖದಲ್ಲಿ ಮಾತ್ರ ಗಂಟು. ಹುಡುಗನ ಹೆಸರು ರುದ್ರೇಶ. ಕಾಫಿ ಏಲಕ್ಕಿ ತೋಟ, ಒಬ್ಬನೇ ಮಗ, ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ಸಂಬಂಧ ತಂದಿದ್ದವರು ನಮಗೆ ದೂರದ ನೆಂಟರಾದ ಬಸಪ್ಪನವರು. ಇಷ್ಟು ಒಳ್ಳೆಯ ಗಂಡು ಇಷ್ಟು ದಿನ ಯಾಕೆ ಉಳಿದಿದೆ ಎಂಬುದು ಅಜ್ಜಯ್ಯನ ಮೊದಲನೇ ಅನುಮಾನ. ಬೆಳಿಗ್ಗೆ ಹನ್ನೊಂದಕ್ಕೆ ಜೀಪು ಬಂದು ನಿಂತಿತು. ಹುಡುಗ, ಅವನ ದೊಡ್ಡಪ್ಪ, ಬಸಪ್ಪನವರು ಇಳಿದರು. ಹುಡುಗನ ಕಾಲಲ್ಲಿ ಚಡಾವು! ಆ ಕಾಲಕ್ಕಾಗಲೇ ಹುಡುಗರೆಲ್ಲ ಬೂಟಿಗೋ ಸ್ಯಾಂಡಲ್ಲಿಗೋ ಬಿದ್ದಿದ್ದರು. ಪ್ಯಾಂಟಿನ ಕೆಳಗೆ ಚಡಾವು ಹಾಕಿದ ಹುಡುಗನನ್ನು ನೋಡಿ ಅಜ್ಜಯ್ಯನ ಕಣ್ಣುಗಳು ಒಂದು ಕ್ಷಣ ಅರಳಿದವು. ಮರುಕ್ಷಣವೇ ಸಣ್ಣಗಾದವು. ನನಗೆ ಚಡಾವೆಂದರೆ ಪ್ರಾಣವೆಂದು ಇವನಿಗೆ ಯಾರು ಹೇಳಿಕೊಟ್ಟರು, ಮೆಚ್ಚಿಸಲು ಹಾಕಿಕೊಂಡು ಬಂದನೋ ಎಂದು ಅವರ ತಲೆ ಓಡುತ್ತಿದ್ದುದು ಪಕ್ಕದಲ್ಲಿ ನಿಂತ ನನಗೇ ಕೇಳಿಸುವಂತಿತ್ತು.

ಉಪ್ಪಿಟ್ಟು, ಕೇಸರಿಬಾತು, ಕಾಫಿ ಆಯಿತು. ಅತ್ತೆ ಬಂದು ನಮಸ್ಕಾರ ಮಾಡಿ ಒಳಗೆ ಹೋದರು. ಹುಡುಗ ಕೈ ತೊಳೆಯಲು ಹಿತ್ತಲ ಕಡೆ ಎದ್ದುಹೋದ. ಅದೇ ಸಮಯವೆಂದು ಅಜ್ಜಯ್ಯ ನನಗೆ ಕಣ್ಸನ್ನೆ ಮಾಡಿ ಜಗಲಿಗೆ ಕರೆದರು. ಆವತ್ತು ಕೋಲು ತರಲಿಲ್ಲ. ತಮ್ಮ ಚಡಾವು ಮುಟ್ಟಿದರೇ ಕೈ ತೊಳೆಯುವ ಮನುಷ್ಯ, ಪರರ ಮೆಟ್ಟನ್ನು ಬರಿಗೈಯಲ್ಲಿ ಎತ್ತಿಕೊಂಡರು. ಮಗುಚಿದರು. ಬೆಳಕಿಗೆ ಹಿಡಿದರು. ಒಂದರ ಅಟ್ಟೆ ಹೊರಮಗ್ಗುಲಲ್ಲಿ ಪೂರಾ ತಗ್ಗಿಹೋಗಿತ್ತು. ಇನ್ನೊಂದರ ಮೂತಿ, ನೆಲಕ್ಕೆ ಉಜ್ಜಿ ಉಜ್ಜಿ, ಹೊಲಿಗೆಯ ದಾರ ಕಾಣುವಷ್ಟು ಸವೆದಿತ್ತು. ಅಜ್ಜಯ್ಯ ಎರಡನ್ನೂ ಇದ್ದ ಜಾಗದಲ್ಲೇ ಇಟ್ಟರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಎಡಗಾಲು ಎಳಿತಾನೆ ಕಣ್ ಮಗ. ಮುಚ್ಚಿಟ್ಟವ್ರೆ. ಯಾರ ತಾವೂ ಬಾಯಿ ಬುಡಬ್ಯಾಡ. ಊರಿಗೆಲ್ಲ ಗೊತ್ತಾದ್ರೆ ಆ ಹುಡ್ಗಂಗೆ ಯಾರೂ ಹೆಣ್ಣು ಕೊಡಾಕಿಲ್ಲ."

ಆ ಕೊನೆಯ ಮಾತನ್ನು ನಾನು ಮರೆಮಾಚಿದರೆ ಅಜ್ಜಯ್ಯನಿಗೆ ಅನ್ಯಾಯವಾಗುತ್ತದೆ. ಅವರು ಕೆಟ್ಟವರಲ್ಲ. ಮೋಸ ಮಾಡಲು ಬಂದವನೆಂದು ತಾವು ನಂಬಿದ ಹುಡುಗನ ಹೆಸರನ್ನೂ ಕಾಪಾಡಬೇಕೆಂದುಕೊಂಡರು. ನೇರವಾಗಿ ಒಂದು ಮಾತು ಕೇಳಿಬಿಡುವುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಅನುಮಾನದವರ ಹಣೆಬರಹವೇ ಅದು. ಕೇಳಿದರೆ ಸುಳ್ಳು ಹೇಳುತ್ತಾರೆಂದು ಕೇಳುವುದೇ ಇಲ್ಲ. ಬದಲಿಗೆ ಗೋಡೌನು ತೋರಿಸುತ್ತೇನೆಂದು ಹುಡುಗನನ್ನು ಅಂಗಳದಲ್ಲಿ ಆಚೆಯಿಂದ ಈಚೆಗೆ ನಡೆಸಿದರು. ನಾನೂ ಹಿಂದೆ ಹಿಂದೆ ಹೋಗಿ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆ. ಹೌದು, ಎಡಗಾಲನ್ನು ಮೆಲ್ಲಗೆ ಊರುತ್ತಿದ್ದ. ಜೀಪು ಹತ್ತುವಾಗ ಒಮ್ಮೆ ತಡವರಿಸಿದ ಕೂಡ. ಅಜ್ಜಯ್ಯ ನನ್ನತ್ತ ನೋಡಿದರು, ನಾನು ಅವರತ್ತ ನೋಡಿದೆ. ಇಡೀ ಮನೆಯಲ್ಲಿ ನಮ್ಮಿಬ್ಬರಿಗೇ ಗೊತ್ತಿದ್ದ ಗುಟ್ಟು ಅದು. ನಾನು ದೊಡ್ಡವಳಾಗಿಬಿಟ್ಟೆ ಎನ್ನಿಸಿತು.

ವಾರ ಕಳೆಯುವುದರೊಳಗೆ ಬಸಪ್ಪನವರು ಅಂಗಡಿಗೆ ಬಂದು ಹುಡುಗ ಒಪ್ಪಿದ್ದಾನೆ ಎಂದು ಹೇಳಿಹೋದರು. ಅಜ್ಜಯ್ಯ ನೋಡೋಣ ಎಂದರು. ತಿಂಗಳ ಮೇಲೆ ಇನ್ನೊಮ್ಮೆ ಬಂದರು. ಈ ವರ್ಷ ಮದುವೆ ಮಾಡುವ ಯೋಚನೆಯಿಲ್ಲ ಎಂದು ಅಜ್ಜಯ್ಯ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದರು. ಎರಡು ಸಲವೂ ನಾನು ಗೋಣಿಚೀಲದ ರಾಶಿಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಒಳಗೆ ಬಂದು ಅಜ್ಜಿಗೆ, ಅಪ್ಪನಿಗೆ, ಅವ್ವನಿಗೆ ಅಜ್ಜಯ್ಯ ಹೇಳಿದ್ದೇ ಬೇರೆ. ಅವರ ಕಡೆಯಿಂದ ಮಾತೇ ಬರಲಿಲ್ಲ, ಬಿಟ್ಟುಬಿಡಿ ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ತಟ್ಟುವ ಹಲಗೆ ಹಿಡಿದು ನಿಂತಿದ್ದವರು ಒಳಗೆ ಹೋದರು. ಆವತ್ತು ಅವರ ರೊಟ್ಟಿ ಒಂದೂ ಸೀಯಲಿಲ್ಲ, ಎಲ್ಲ ಸರಿಯಾಗಿಯೇ ಇತ್ತು. ಹಾಗಾಗಿ ಯಾರೂ ಏನೂ ಗಮನಿಸಲಿಲ್ಲ.

ಗಮನಿಸಬೇಕಿತ್ತು. ಆಮೇಲಾಮೇಲೆ ಅತ್ತೆ ಕನಕಾಂಬರ ಮುಡಿಯುವುದನ್ನು ಬಿಟ್ಟರು. ಸ್ವಲ್ಪ ದಿನ ಕಡಲೆಹಿಟ್ಟು, ಅರಿಸಿನ, ಕೆನೆ ಎಂದು ಮುಖಕ್ಕೆ ಏನೇನೋ ಹಚ್ಚಿಕೊಂಡರು, ಕೊನೆಗೆ ಅದನ್ನೂ ಬಿಟ್ಟರು. ಕನ್ನಡಿಯ ಮುಂದೆ ನನ್ನನ್ನು ನಿಲ್ಲಿಸಿ ತಲೆ ಬಾಚುವಾಗ ತಾವು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಮಗ್ಗುಲಲ್ಲೇ ಮಲಗುತ್ತಿದ್ದ ನಾನು ಎಷ್ಟೋ ಸಲ ಗುಟ್ಟನ್ನು ಹೇಳಿಬಿಡಬೇಕೆಂದುಕೊಂಡೆ. ಅಜ್ಜಯ್ಯನ ಮಾತು ನೆನಪಾಗಿ ಬಾಯಿಗೆ ಬೀಗ ಹಾಕಿಕೊಂಡೆ. ಅತ್ತೆಯನ್ನು ಒಂದು ಕಷ್ಟದಿಂದ ಪಾರು ಮಾಡಿದ್ದೇವೆ ಎಂದೇ ನಾನು ನಂಬಿದ್ದೆ.

ನಾಲ್ಕು ವರ್ಷದ ಮೇಲೆ ಅತ್ತೆಯನ್ನು ಆಲೂರಿನ ಆಲೂಗಡ್ಡೆ ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಅವರ ಚಪ್ಪಲಿಯ ಎರಡು ಹಿಮ್ಮಡಿಯೂ ಅಳತೆ ಹಿಡಿದಂತೆ ಸಮವಾಗಿ ಸವೆದಿದ್ದವು. ಅಜ್ಜಯ್ಯ ಜಗಲಿಯಿಂದ ನಗುತ್ತ ಒಳಗೆ ಬಂದದ್ದು ನನಗೆ ನೆನಪಿದೆ. ಮಾವ ನೆಟ್ಟಗೆ ನಡೆಯುವವರು, ಮಾತೂ ಅಷ್ಟೇ ನೆಟ್ಟಗೆ. ನಿನ್ನ ಬಣ್ಣಕ್ಕೆ ನಾನು ಒಪ್ಪಿದ್ದೇ ಹೆಚ್ಚು ಎಂದು ನಾಲ್ಕು ಜನರ ಎದುರಿಗೇ ಅತ್ತೆಗೆ ತಮಾಷೆ ಮಾಡುತ್ತಿದ್ದರು. ಅತ್ತೆ ತಾವೂ ನಕ್ಕು ಒಳಗೆ ಹೋಗುತ್ತಿದ್ದರು. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ಎರಡು ಮಕ್ಕಳು, ಒಂದು ಮನೆ. ಅವರ ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿ ನಿಂತ ಅತ್ತೆಯ ಬೈತಲೆಯೇ ಕಾಣುತ್ತದೆ, ಮುಖ ಕಾಣುವುದಿಲ್ಲ. ಅಜ್ಜಯ್ಯ ತೀರಿಕೊಂಡರು, ಅಜ್ಜಿ ಅವರ ಹಿಂದೆಯೇ ಹೋದರು. ರಸ್ತೆ ಅಗಲವಾದಾಗ ಅಂಗಡಿ, ಜಗಲಿ, ಮನೆ ಎಲ್ಲ ಹೋಯಿತು. ಈಗ ನಾನು ಬಸ್ಸಿನಲ್ಲಿ ಆನೇಮಹಲು ದಾಟುವಾಗ ಜಗಲಿ ಇಲ್ಲಿತ್ತೋ ಅಲ್ಲಿತ್ತೋ ಎಂದು ಅಂದಾಜು ಮಾಡುವಷ್ಟರಲ್ಲಿ ಊರೇ ಹಿಂದಾಗಿರುತ್ತದೆ.

ಮೋಜಡಿ ತಂದ ಮರುವಾರ ಲಗ್ನಪತ್ರಿಕೆ ಕೊಡಲು ಆಲೂರಿಗೆ ಹೋಗಿದ್ದೆ. ಮಾವ ಹೋಗಿ ಐದು ವರ್ಷವಾಯಿತು, ಅತ್ತೆ ಮಗ ಸೊಸೆಯ ಜೊತೆಗಿದ್ದಾರೆ. ಪಡಸಾಲೆಯಲ್ಲಿ ಕೂತು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಮಾತು ಹುಡುಗನ ಬಟ್ಟೆಗೆ ಬಂತು, ಮೋಜಡಿಗೆ ಬಂತು, ಅಲ್ಲಿಂದ ಅಜ್ಜಯ್ಯನಿಗೆ. ಒಂಟಿ ಚಡಾವಿನಲ್ಲಿ ಚಪ್ಪರ ದಾಟುತ್ತಿದ್ದುದನ್ನು ನೆನೆದು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಗುವಿನ ಭರದಲ್ಲಿ ನನ್ನ ನಾಲಿಗೆ ತುರಿಸಿತು. ಇಷ್ಟು ವರ್ಷವಾದ ಮೇಲೆ ಇನ್ನೇನು ಎಂದುಕೊಂಡು, ಅಜ್ಜಯ್ಯನ ಬುದ್ಧಿವಂತಿಕೆಯ ಒಂದು ಕತೆಯೆಂಬಂತೆ, ವನಗೂರಿನ ಗಂಡಿನ ಚಡಾವಿನ ಪ್ರಸಂಗವನ್ನು ಹೇಳಿದೆ. ಅಜ್ಜಯ್ಯ ಬಗ್ಗಿದ್ದನ್ನು, ಪಿಸುಗುಟ್ಟಿದ್ದನ್ನು ಹಾಗೇ ಅಭಿನಯಿಸಿ ತೋರಿಸಿದೆ. ನಿಮ್ಮನ್ನು ಕುಂಟನಿಂದ ಉಳಿಸಿದ್ದು ನಾವಿಬ್ಬರೇ ನೋಡಿ ಎಂದೆ.

ಅತ್ತೆಯ ಕೈ ನಿಂತಿತು.

"ಅವರು ಕುಂಟ ಅಲ್ಲ ಕಣೇ," ಎಂದರು. "ಅದು ಅವರಪ್ಪನ ಮೆಟ್ಟು. ಅವರಪ್ಪಂಗೆ ಎಡಗಾಲು ಊನ ಇತ್ತಂತೆ. ಒಳ್ಳೇ ಕೆಲ್ಸಕ್ಕೆ ಹೋಗೋವಾಗ ಅಪ್ಪನೂ ಜೊತೇಲಿ ಬಂದಂಗೆ ಆಯ್ತದೆ ಅಂತ ಅವರವ್ವ ಹಾಕಿಸಿ ಕಳಿಸಿದ್ರಂತೆ."

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಹುಡುಗ ಹಿತ್ತಲಿಗೆ ಕೈ ತೊಳೆಯಲು ಹೋದಾಗ ನೀರು ಹಾಕಿದ್ದು ಅತ್ತೆಯಂತೆ, ಅಜ್ಜಿಯೇ ಬೇಕೆಂದು ಚೆಂಬು ಕೊಟ್ಟು ಕಳಿಸಿದ್ದರಂತೆ. ಎಡಗಾಲಿನ ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು ಒಡೆದಿದ್ದನ್ನು ನೋಡಿ ಅತ್ತೆ ಏನಾಯಿತೆಂದು ಕೇಳಿದರು. ಮೆಟ್ಟು ಕಚ್ಚಿತು, ನನ್ನ ಕಾಲಿನದಲ್ಲವಲ್ಲ ಎಂದು ಆತ ನಾಚಿಕೊಂಡು ಎಲ್ಲ ಹೇಳಿದರಂತೆ. ಅತ್ತೆ ಬಟ್ಟಲಲ್ಲಿ ಒಂದಿಷ್ಟು ಕೊಬ್ಬರಿ ಎಣ್ಣೆ ತಂದುಕೊಟ್ಟರಂತೆ. ನಾವು ಮುಂದಿನ ಜಗಲಿಯಲ್ಲಿ ಆ ಚಡಾವನ್ನು ಮಗುಚಿ ನೋಡುತ್ತಿದ್ದ ಅದೇ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಈ ಮಾತು ನಡೆದಿತ್ತು. ನಡೆದದ್ದರಲ್ಲಿ ಅರ್ಧ ನನ್ನ ಹತ್ತಿರವಿತ್ತು, ಅರ್ಧ ಅತ್ತೆಯ ಹತ್ತಿರವಿತ್ತು, ಇಬ್ಬರೂ ಒಂದೇ ಹಾಸಿಗೆಯಲ್ಲಿ ನಾಲ್ಕು ವರ್ಷ ಮಲಗಿದ್ದೆವು. ತಪ್ಪಾಯಿತು ಅತ್ತೆ ಎಂದೆ.

"ಅವರ ಕಡೆಯಿಂದ ಮಾತೇ ಬರಲಿಲ್ಲ ಅಂದಿದ್ರಲ್ಲ ಅಪ್ಪಾಜಿ," ಎಂದರು ಅತ್ತೆ. "ನನ್ನ ಬಣ್ಣ ನೋಡಿ ಬ್ಯಾಡ ಅಂದ್ರು ಅಂತ ನಾನು ತಿಳ್ಕಂಡಿದ್ದೆ. ಎಣ್ಣೆ ಕೊಡೋವಾಗ ಮುಖ ಹತ್ರದಿಂದ ಕಂಡ್ಬುಟ್ಟಿತೇನೋ ಅಂತ."

ಇಲ್ಲ ಅತ್ತೆ, ಬಸಪ್ಪನವರು ಎರಡು ಸಲ ಬಂದಿದ್ದರು, ಎರಡು ಸಲವೂ ನಾನು ಅಲ್ಲೇ ಇದ್ದೆ ಎಂದೆ. ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಕೈಗೆ ಹತ್ತಿದ್ದ ಅವರೆಕಾಯಿಯ ಸೊನೆಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಎದುರಿಗೆ ಸರಿಯಾಗಿ ಕೂತು, ಬಸಪ್ಪ ಏನಂದರು ಎಂದು ಕೇಳಿದರು. ಒಪ್ಪಿದ್ದಾರೆ ಎಂದರು ಎಂದೆ. ಹಾಗಲ್ಲ, ಅವರು ಹೇಳಿದ ಹಾಗೇ ಹೇಳು, ಒಂದೂ ಮಾತು ಬಿಡಬೇಡ ಎಂದರು. ಅರವತ್ತೈದು ವರ್ಷದ ಆ ಮುಖ ನನ್ನ ಮುಖದ ಹತ್ತಿರವೇ ಇತ್ತು, ಒಂದಿಷ್ಟೂ ಪಕ್ಕಕ್ಕೆ ತಿರುಗಿರಲಿಲ್ಲ.

"ಎರಡನೇ ಸಲ ಬಂದಾಗ 'ಹುಡ್ಗ ಬ್ಯಾರೆ ಕಡೆ ಹೆಣ್ಣು ನೋಡಾಕೇ ಒಲ್ಲ ಅಂತಾನೆ. ಮಾಡ್ಕಂಡ್ರೆ ಆ ಹುಡ್ಗೀನೆ ಅಂತ ಕುಂತವ್ನೆ,' ಅಂದ್ರು ಬಸಪ್ಪನವರು, ಅತ್ತೆ."

ಇನ್ನೊಂದು ಸಲ ಹೇಳು ಎಂದರು ಅತ್ತೆ.